ಮಿಸೆಲ್ ಉಂಡೆಯಾಗಿದ್ದರೆ ಪಂಪಿಗೆ ಲಾಭವಿಲ್ಲ, ದಾರವಾಗಿದ್ದರೆ ಇದೆ

ಪ್ರಶ್ನೆ: ನಾನು ಒಂದು ದೊಡ್ಡ ಕಚೇರಿ ಕಟ್ಟಡದ ಹವಾನಿಯಂತ್ರಣ ವ್ಯವಸ್ಥೆಯ ನಿರ್ವಹಣೆ ನೋಡಿಕೊಳ್ಳುತ್ತೇನೆ. ಚಿಲ್ಲರ್‌ನಿಂದ ಮಹಡಿಗಳಿಗೆ ತಣ್ಣೀರು ಸುತ್ತಿಸುವ ಪಂಪುಗಳು ಹಗಲೂ ರಾತ್ರಿ ಓಡುತ್ತವೆ. ವಿದ್ಯುತ್ ಬಿಲ್ಲಿನಲ್ಲಿ ಅವುಗಳ ಪಾಲು ಸಣ್ಣದಲ್ಲ. ನೀರಿಗೆ ಸೋಪಿನ ಜಾತಿಯ ರಾಸಾಯನಿಕವನ್ನು ತುಸುವೇ ಬೆರೆಸಿದರೆ ಕೊಳವೆಯ ಘರ್ಷಣೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಆದರೆ ಅದರ ಮಿಸೆಲ್‌ಗಳ, ಅಂದರೆ ಅದರ ಅಣುಗಳು ನೀರಿನಲ್ಲಿ ಕಟ್ಟಿಕೊಳ್ಳುವ ಗುಂಪುಗಳ, ಆಕಾರ ಸರಿಯಿರಬೇಕು ಎಂದು ಓದಿದೆ. ಆಕಾರಕ್ಕೂ ಘರ್ಷಣೆಗೂ ಏನು ಸಂಬಂಧ? ದ್ರವ ಮಂದವಾದರೆ ಘರ್ಷಣೆ ಹೆಚ್ಚಬೇಕಲ್ಲವೇ? ಬಟ್ಟೆ ತೊಳೆಯುವ ಡಿಟರ್ಜೆಂಟನ್ನೇ ಹಾಕಿದರೆ ಆಗದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಯಾರಾದರೂ ನಾಳೆಯೇ ಪ್ರಯತ್ನಿಸಿಬಿಡಬಹುದು. ದಯವಿಟ್ಟು ಡಿಟರ್ಜೆಂಟ್ ಹಾಕಬೇಡಿ. ನೊರೆ ಏಳುತ್ತದೆ, ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕೂರುತ್ತದೆ, ಸ್ಟ್ರೈನರ್ ಕಟ್ಟಿಕೊಳ್ಳುತ್ತದೆ. ಇಷ್ಟಾದರೂ ಘರ್ಷಣೆ ಕಡಿಮೆಯಾಗುವುದಿಲ್ಲ. ಅಷ್ಟು ತೆಳುವಾದ ದ್ರಾವಣದಲ್ಲಿ ಡಿಟರ್ಜೆಂಟಿನ ಮಿಸೆಲ್‌ಗಳು ಪುಟ್ಟ ಉಂಡೆಗಳಾಗಿ ಉಳಿಯುತ್ತವೆ. ನಿಮಗೆ ಬೇಕಾದದ್ದು ದಾರದ ಆಕಾರದವು.

ಇನ್ನು ಘರ್ಷಣೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬರೋಣ. ನಿಮ್ಮ ಕಟ್ಟಡದಲ್ಲಿ ಇರಬಹುದಾದ ಒಂದು ಕೊಳವೆಯನ್ನೇ ತೆಗೆದುಕೊಳ್ಳುತ್ತೇನೆ: ಒಳವ್ಯಾಸ 100 ಮಿಲಿಮೀಟರ್, ನೀರಿನ ವೇಗ ಸೆಕೆಂಡಿಗೆ 2 ಮೀಟರ್, ಉಷ್ಣತೆ 10 ಡಿಗ್ರಿ. ಹರಿವು ಶಾಂತವೋ ಪ್ರಕ್ಷುಬ್ಧವೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಇಲ್ಲಿ ಸುಮಾರು 1.5 ಲಕ್ಷ. ಅಂದರೆ ಹರಿವು ಪೂರ್ತಿ ಪ್ರಕ್ಷುಬ್ಧ. ಇದೇ ನೀರು ಇದೇ ವೇಗದಲ್ಲಿ ಸುಳಿಯೇಳದೆ ಪದರ ಪದರವಾಗಿ ಹರಿಯುವಂತಿದ್ದರೆ ಗೋಡೆಯ ಘರ್ಷಣೆ ಈಗಿನದರ ನಲವತ್ತನೇ ಒಂದು ಭಾಗದಷ್ಟೇ ಇರುತ್ತಿತ್ತು. ಪಂಪು ಕೊಡುವ ಶಕ್ತಿಯ ಬಹುಪಾಲು ನೀರನ್ನು ಮುಂದಕ್ಕೆ ತಳ್ಳುವುದರಲ್ಲಿ ಖರ್ಚಾಗುವುದಿಲ್ಲ; ಗೋಡೆಯ ಹತ್ತಿರ ಹುಟ್ಟುವ ಸುಳಿಗಳನ್ನು ಸಾಕುವುದರಲ್ಲಿ ಖರ್ಚಾಗುತ್ತದೆ. ಆ ಸುಳಿಗಳು ನಡುವಿನ ವೇಗದ ನೀರನ್ನು ಗೋಡೆಗೆ ಅಪ್ಪಳಿಸುತ್ತವೆ, ಗೋಡೆಯ ನಿಧಾನದ ನೀರನ್ನು ನಡುವಿಗೆ ಎತ್ತಿ ಎಸೆಯುತ್ತವೆ. ಹಾಗಾಗಿ ‘ದ್ರವ ಮಂದವಾದರೆ ಘರ್ಷಣೆ ಹೆಚ್ಚಬೇಕಲ್ಲವೇ’ ಎಂಬ ನಿಮ್ಮ ಅನುಮಾನ ಪದರ ಹರಿವಿಗೆ ಸರಿ. ಪ್ರಕ್ಷುಬ್ಧ ಹರಿವಿನಲ್ಲಿ ಸ್ನಿಗ್ಧತೆ ಸ್ವಲ್ಪ ಏರಿ ನಷ್ಟವಾದರೂ ಸುಳಿಗಳು ಅಡಗಿದರೆ ಅದರ ಹಲವು ಪಟ್ಟು ಲಾಭವಾಗುತ್ತದೆ.

ಸುಳಿಗಳನ್ನು ಅಡಗಿಸುವ ಈ ಗುಣ ಮೊದಲು ಬಯಲಾದದ್ದು 1940ರ ದಶಕದಲ್ಲಿ. ಕರೋಲ್ ಮೈಸೆಲ್ಸ್ ಅಲ್ಯುಮಿನಿಯಂ ಸೋಪಿನಿಂದ ಮಂದಗೊಳಿಸಿದ ಗ್ಯಾಸೊಲಿನ್‌ನಲ್ಲಿ ಇದನ್ನು ಕಂಡು 1949ರಲ್ಲಿ ಪೇಟೆಂಟ್ ಪಡೆದರು. ಬಿ. ಎ. ಟಾಮ್ಸ್ ಪಾಲಿಮರ್ ಬೆರೆಸಿದ ಕ್ಲೋರೋಬೆಂಜೀನ್‌ನಲ್ಲಿ ಕಂಡದ್ದನ್ನು 1948ರಲ್ಲಿ ಮಂಡಿಸಿದರು. ಹೆಸರು ಟಾಮ್ಸ್‌ಗೆ ನಿಂತಿತು, ಉದ್ಯಮ ಪಾಲಿಮರ್ ಕಡೆಗೆ ವಾಲಿತು. ಅಲಾಸ್ಕಾದ ಕಚ್ಚಾತೈಲದ ಕೊಳವೆಮಾರ್ಗದಲ್ಲಿ 1979ರಿಂದ ಪಾಲಿಮರ್ ಬಳಕೆಯಾಯಿತು. ಆದರೆ ಪಾಲಿಮರ್‌ನ ಉದ್ದನೆಯ ಸರಪಳಿ ಪಂಪಿನೊಳಗೆ ಒಮ್ಮೆ ತುಂಡಾದರೆ ಮತ್ತೆ ಕೂಡುವುದಿಲ್ಲ. ಒಮ್ಮುಖವಾಗಿ ಸಾಗುವ ತೈಲಕ್ಕೆ ಪ್ರತಿ ಪಂಪಿನ ನಂತರ ಹೊಸದಾಗಿ ಸೇರಿಸಬಹುದು. ಅದೇ ನೀರು ಅದೇ ಪಂಪಿನ ಮೂಲಕ ವರ್ಷವಿಡೀ ಸುತ್ತುವ ನಿಮ್ಮ ವ್ಯವಸ್ಥೆಗೆ ಅದು ಹೊಂದುವುದಿಲ್ಲ. ಇಲ್ಲಿ ಸರ್ಫ್ಯಾಕ್ಟಂಟ್‌ಗೇ, ಅಂದರೆ ನೀವು ಓದಿದ ಸೋಪಿನ ಜಾತಿಯ ರಾಸಾಯನಿಕಕ್ಕೇ, ಮೊದಲ ಮಣೆ, ಏಕೆಂದರೆ ಅದರ ದಾರ ಹರಿದರೂ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ.

ಸರ್ಫ್ಯಾಕ್ಟಂಟ್ ಅಣುವಿಗೆ ನೀರನ್ನು ಬಯಸುವ ತಲೆಯೊಂದು, ನೀರನ್ನು ದೂರವಿಡುವ ಎಣ್ಣೆಯ ಗುಣದ ಬಾಲವೊಂದು. ನೀರಿನಲ್ಲಿ ಒಂದು ಮಿತಿ ಮೀರಿ ಕರಗಿಸಿದಾಗ ಬಾಲಗಳು ಒಳಗೆ ಅಡಗಿ ತಲೆಗಳು ಹೊರಗಿರುವಂತೆ ಅಣುಗಳು ಗುಂಪುಗೂಡುತ್ತವೆ. ಅದೇ ಮಿಸೆಲ್. ಜೆ. ಡಬ್ಲ್ಯು. ಮ್ಯಾಕ್‌ಬೇನ್ 1913ರಲ್ಲಿ ಈ ಹೆಸರು ಕೊಟ್ಟರು. ಗುಂಪು ಯಾವ ಆಕಾರ ತಾಳುತ್ತದೆ ಎಂಬುದನ್ನು ಅಚ್ಚರಿಯಷ್ಟು ಸರಳವಾದ ಲೆಕ್ಕವೊಂದು ನಿರ್ಧರಿಸುತ್ತದೆ. ಇಸ್ರಾಯೆಲಾಚ್ವಿಲಿ, ಮಿಚೆಲ್, ನಿನ್‌ಹ್ಯಾಮ್ ಎಂಬ ಮೂವರು 1976ರಲ್ಲಿ ಕೊಟ್ಟ ಲೆಕ್ಕ ಅದು. ಬಾಲದ ಗಾತ್ರವನ್ನು, ಬಾಲದ ಉದ್ದ ಮತ್ತು ತಲೆ ಆಕ್ರಮಿಸುವ ಜಾಗ ಇವೆರಡರ ಗುಣಲಬ್ಧದಿಂದ ಭಾಗಿಸಿ. ಬಂದ ಸಂಖ್ಯೆ ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಮಿಸೆಲ್ ಉಂಡೆ. ಮೂರನೇ ಒಂದರಿಂದ ಅರ್ಧದವರೆಗೆ ದಾರ. ಅರ್ಧ ದಾಟಿದರೆ ಹಾಳೆ, ಇಲ್ಲವೇ ಹಾಳೆ ಮುಚ್ಚಿಕೊಂಡು ಆಗುವ ಟೊಳ್ಳು ಚೀಲ. ಅದನ್ನು ವೆಸಿಕಲ್ ಎನ್ನುತ್ತೇವೆ. ಕಡಲೆಕಾಯಿ ಕಟ್ಟಿಕೊಡುವ ಕಾಗದದ ಪೊಟ್ಟಣಗಳನ್ನು ಚೂಪು ತುದಿ ಒಳಕ್ಕೆ ಬರುವಂತೆ ಒತ್ತೊತ್ತಾಗಿ ಜೋಡಿಸಿದರೆ ಉಂಡೆಯೇ ಆಗುತ್ತದೆ. ಪೊಟ್ಟಣದ ಬಾಯಿ ಕಿರಿದಾಗುತ್ತ ಹೋದಂತೆ ಉಂಡೆಯಾಗಿ ಮುಚ್ಚಿಕೊಳ್ಳುವುದು ಅಸಾಧ್ಯವಾಗಿ ಸಾಲು ಉದ್ದಕ್ಕೆ ಬೆಳೆಯುತ್ತದೆ.

ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಕ್ಲೋರೈಡ್ ಅನ್ನು ನೋಡೋಣ, ಚಿಕ್ಕದಾಗಿ ಸಿಟಿಎಸಿ. ಅದರ ಬಾಲದಲ್ಲಿ 16 ಇಂಗಾಲ. ಬಾಲ ಪೂರ್ತಿ ಚಾಚಿದಾಗ ಉದ್ದ ಸುಮಾರು 2.2 ನ್ಯಾನೋಮೀಟರ್, ಗಾತ್ರ ಸುಮಾರು 0.46 ಘನ ನ್ಯಾನೋಮೀಟರ್. ಭಾಗಿಸಿದರೆ 0.21 ಚದರ ನ್ಯಾನೋಮೀಟರ್. ಹೀಗಾಗಿ ಒಂದೊಂದು ತಲೆ 0.63 ಚದರ ನ್ಯಾನೋಮೀಟರ್‌ಗಿಂತ ಹೆಚ್ಚು ಜಾಗ ಹಿಡಿದರೆ ಉಂಡೆ, 0.63ರಿಂದ 0.42ರ ನಡುವೆ ದಾರ, ಅದಕ್ಕೂ ಕಡಿಮೆಯಾದರೆ ಹಾಳೆ. ನಿಮ್ಮ ಪಂಪಿನ ಖರ್ಚು ಉಳಿಯುವುದೋ ಇಲ್ಲವೋ ಎಂಬುದು ಇಷ್ಟು ಕಿರಿದಾದ ಪಟ್ಟಿಯೊಳಗೆ ತೀರ್ಮಾನವಾಗುತ್ತದೆ. ಬಾಲ ಉದ್ದವಾದರೆ ಈ ಗಡಿಗಳು ಬದಲಾಗಬಹುದೇ ಎಂದು ಕೇಳಿದರೆ, ಹೆಚ್ಚೇನೂ ಇಲ್ಲ. ಗಾತ್ರವೂ ಉದ್ದವೂ ಒಟ್ಟಿಗೇ ಬೆಳೆಯುವುದರಿಂದ ಆ 0.21 ಬಹುತೇಕ ಅಲುಗುವುದಿಲ್ಲ. ಕೈಗೆ ಸಿಗುವ ಹಿಡಿ ತಲೆಯ ಜಾಗವೊಂದೇ.

ಬರಿಯ ಸಿಟಿಎಸಿಯಲ್ಲಿ ತಲೆಗಳೆಲ್ಲ ಧನ ವಿದ್ಯುದಂಶ ಹೊತ್ತಿರುತ್ತವೆ, ಒಂದನ್ನೊಂದು ದೂರ ತಳ್ಳುತ್ತವೆ, ಉಂಡೆಯೇ ಆಗುತ್ತದೆ. ಲೆಕ್ಕ ಹಾಕಿದರೆ ಉಂಡೆಯೊಂದಕ್ಕೆ ಸುಮಾರು 95 ಅಣು. ಈಗ ಅದಕ್ಕೆ ಸೋಡಿಯಂ ಸ್ಯಾಲಿಸಿಲೇಟ್ ಸೇರಿಸಿ. ಸ್ಯಾಲಿಸಿಲೇಟ್‌ನ ಬೆಂಜೀನ್ ಉಂಗುರ ಬಾಲಗಳ ನಡುವೆ ತೂರಿಕೊಳ್ಳುತ್ತದೆ, ಅದರ ಋಣ ವಿದ್ಯುದಂಶದ ತುದಿ ತಲೆಗಳ ಮಟ್ಟದಲ್ಲಿ ಹೊರಗೆ ನಿಲ್ಲುತ್ತದೆ. ತಲೆಗಳ ಜಗಳ ತಣ್ಣಗಾಗಿ ಅವು ಹತ್ತಿರ ಸರಿಯುತ್ತವೆ. ಉಂಡೆ ದಾರವಾಗುತ್ತದೆ. ದಾರದ ದಪ್ಪ ನಾಲ್ಕೈದು ನ್ಯಾನೋಮೀಟರ್‌ನಷ್ಟೇ, ಆದರೆ ಉದ್ದ ನೂರಾರು ನ್ಯಾನೋಮೀಟರ್‌ನಿಂದ ಹಲವು ಮೈಕ್ರೋಮೀಟರ್. ಒಂದು ಮೈಕ್ರೋಮೀಟರ್ ಉದ್ದದ ಒಂದೇ ದಾರದಲ್ಲಿ 30 ಸಾವಿರದಷ್ಟು ಅಣುಗಳಿರುತ್ತವೆ.

ಇಲ್ಲಿ ರಸಾಯನಶಾಸ್ತ್ರದ ಒಂದು ಸೂಕ್ಷ್ಮವನ್ನು ಹೇಳದೆ ಮುಂದೆ ಹೋಗಲಾರೆ, ನನಗೆ ಇದಕ್ಕಿಂತ ಸುಂದರವಾದ ಪುರಾವೆ ಬೇರೆ ಇಲ್ಲ. ಸ್ಯಾಲಿಸಿಲೇಟ್ ಎಂದರೆ ಹೈಡ್ರಾಕ್ಸಿಬೆಂಜೊಯೇಟ್‌ನ ಆರ್ಥೋ ರೂಪ. ಹೈಡ್ರಾಕ್ಸಿಲ್, ಕಾರ್ಬಾಕ್ಸಿಲೇಟ್ ಎಂಬ ಎರಡು ಪರಮಾಣು ಗುಂಪುಗಳೂ ಉಂಗುರದ ಪಕ್ಕಪಕ್ಕದ ಮೂಲೆಗಳಲ್ಲಿವೆ. ಅದೇ ಪರಮಾಣುಗಳು, ಅದೇ ತೂಕ, ಆದರೆ ಹೈಡ್ರಾಕ್ಸಿಲ್ ಎದುರು ಮೂಲೆಗೆ ಹೋದ ಪ್ಯಾರಾ ರೂಪವನ್ನು ಹಾಕಿದರೆ ಇಂಥ ದಾರ ಬೆಳೆಯುವುದಿಲ್ಲ. ನೀರನ್ನು ಬಯಸುವ ಎರಡೂ ಗುಂಪುಗಳು ಒಂದೇ ಬದಿಗಿದ್ದಾಗ ಮಾತ್ರ ಉಂಗುರ ಒಳಗೆ ಸುಖವಾಗಿ ಕೂರಬಲ್ಲದು. ಕ್ಲೋರೋಬೆಂಜೊಯೇಟ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಕ್ಲೋರಿನ್‌ಗೆ ನೀರು ಬೇಡ, ಆದ್ದರಿಂದ ಅದು ಎದುರು ಮೂಲೆಯಲ್ಲಿದ್ದು ಒಳಕ್ಕೆ ಮುಖ ಮಾಡಿದರೆ ದಾರ, ಪಕ್ಕದ ಮೂಲೆಯಲ್ಲಿದ್ದರೆ ಉಂಡೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾಕ್ ಜೇಕಿನ್ ಅವರ ತಂಡ, ಇಸ್ರೇಲಿನ ಟೆಕ್ನಿಯಾನ್‌ನ ಇಶಿ ತಾಲ್ಮೋನ್ ಅವರ ಜೊತೆಗೂಡಿ, ದ್ರಾವಣವನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇದನ್ನು ಚಿತ್ರವಾಗಿಯೇ ತೋರಿಸಿತು. ದಾರ ಕಂಡ ದ್ರಾವಣ ಕೊಳವೆಯಲ್ಲಿ ಘರ್ಷಣೆ ಇಳಿಸಿತು, ಉಂಡೆ ಕಂಡ ದ್ರಾವಣ ಬರಿಯ ನೀರಿನಂತೆಯೇ ಹರಿಯಿತು.

ಹಾಗಾದರೆ ದಾರ ಏನು ಮಾಡುತ್ತದೆ? ‘ಉದ್ದವಾದ ದಾರ ಸುಳಿಗೆ ಅಡ್ಡ ಬರುತ್ತದೆ’ ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಅದು ಸಾಲದು. ನಮ್ಮ 100 ಮಿಲಿಮೀಟರ್ ಕೊಳವೆಯಲ್ಲಿ ಗೋಡೆಯ ಪಕ್ಕದ ಅತಿ ಸಣ್ಣ ಚಲನೆಯ ಅಳತೆ ಸುಮಾರು 15 ಮೈಕ್ರೋಮೀಟರ್. ಗೋಡೆಯುದ್ದಕ್ಕೂ ಮೂಡುವ ನಿಧಾನ ಮತ್ತು ವೇಗದ ಪಟ್ಟೆಗಳ ನಡುವಿನ ಅಂತರ ಅದರ ನೂರು ಪಟ್ಟು, ಒಂದೂವರೆ ಮಿಲಿಮೀಟರ್. ಒಂದು ಮೈಕ್ರೋಮೀಟರಿನ ದಾರ ಇವುಗಳ ಮುಂದೆ ಎಲ್ಲಿಯೂ ಇಲ್ಲ. ಉದ್ದದ ಲೆಕ್ಕದಲ್ಲಿ ಅದು ಸೋಲುತ್ತದೆ. ಗೆಲ್ಲುವುದು ಕಾಲದ ಲೆಕ್ಕದಲ್ಲಿ.

ಅದೇ ಗೋಡೆಯ ಪಕ್ಕದಲ್ಲಿ ಹರಿವು ತನ್ನ ರೂಪ ಬದಲಿಸುವ ಅತಿ ಸಣ್ಣ ಕಾಲ ಸುಮಾರು 160 ಮೈಕ್ರೋಸೆಕೆಂಡ್. ಮಿಸೆಲ್‌ನ ದಿಕ್ಕು ಹರಿವಿನಿಂದ ಒಂದು ಕಡೆಗೆ ತಿರುಗಿದ ಮೇಲೆ ಅದು ಮತ್ತೆ ಅಡ್ಡಾದಿಡ್ಡಿಯಾಗಲು ಎಷ್ಟು ಹೊತ್ತು ಬೇಕು ಎಂದು ನೋಡಿ. ಉಂಡೆಗಾದರೆ ಕೆಲವೇ ಹತ್ತು ನ್ಯಾನೋಸೆಕೆಂಡ್; ಸುಳಿ ಬಂದದ್ದೂ ಹೋದದ್ದೂ ಅದಕ್ಕೆ ಲೆಕ್ಕಕ್ಕೇ ಇಲ್ಲ. 100 ನ್ಯಾನೋಮೀಟರಿನ ಗಡಸು ಕಡ್ಡಿಗೆ ಸುಮಾರು 25 ಮೈಕ್ರೋಸೆಕೆಂಡ್. ಇನ್ನೂ ಸುಳಿಗಿಂತ ಚುರುಕು. ಆದರೆ ಈ ಕಾಲ ಉದ್ದದ ಹೆಚ್ಚುಕಡಿಮೆ ಮೂರನೇ ಘಾತದಂತೆ ಏರುತ್ತದೆ. ಒಂದು ಮೈಕ್ರೋಮೀಟರಿಗೆ ಅದು ಹತ್ತು ಮಿಲಿಸೆಕೆಂಡ್ ದಾಟುತ್ತದೆ, ಸುಳಿಯ ಕಾಲದ ಹಲವು ಹತ್ತು ಪಟ್ಟು. ಈಗ ದಾರಕ್ಕೆ ನೆನಪು ಬಂತು. ಸುಳಿ ಅದನ್ನು ಎಳೆದರೆ ಅದು ಎಳೆತವನ್ನು ಮರೆಯುವ ಮೊದಲೇ ಮುಂದಿನ ಎಳೆತ ಬರುತ್ತದೆ. ದ್ರವ ಹಿಗ್ಗುವಿಕೆಯನ್ನು ಪ್ರತಿರೋಧಿಸತೊಡಗುತ್ತದೆ. ಗೋಡೆಯಿಂದ ನೀರನ್ನು ಎತ್ತಿ ಎಸೆಯಬೇಕಿದ್ದ ಸುಳಿ, ಆ ಹಿಗ್ಗಿಸುವಿಕೆಯಲ್ಲೇ ಶಕ್ತಿ ಕಳೆದುಕೊಂಡು ಸೊರಗುತ್ತದೆ. ನಿಜವಾದ ದಾರಗಳು ಗಡಸು ಕಡ್ಡಿಗಳಲ್ಲ, ಬಳುಕುತ್ತವೆ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಕಡಿದು ಕೂಡುತ್ತವೆ. ಆದ್ದರಿಂದ ಮೇಲಿನ ಅಂಕಿಗಳನ್ನು ಅಂದಾಜಿನ ಮಟ್ಟಕ್ಕೆ ಮಾತ್ರ ಓದಿ. ಉಂಡೆಗೂ ದಾರಕ್ಕೂ ಇರುವ ಲಕ್ಷಾಂತರ ಪಟ್ಟಿನ ವ್ಯತ್ಯಾಸವಂತೂ ಅಂದಾಜಿನಿಂದ ಅಳಿಸಿಹೋಗುವಂಥದ್ದಲ್ಲ.

ಈ ನೆನಪನ್ನು ಕಣ್ಣಾರೆ ನೋಡಬಹುದು. ಲೀಟರಿಗೆ ಒಂದೂವರೆ ಗ್ರಾಂ ಸಿಟಿಎಸಿ, ಸುಮಾರು ಒಂದು ಗ್ರಾಂ ಸೋಡಿಯಂ ಸ್ಯಾಲಿಸಿಲೇಟ್ ಕರಗಿಸಿದ ನೀರನ್ನು ಗಾಜಿನ ಬೀಕರಿನಲ್ಲಿ ಹಿಡಿದು ನೋಡಿದರೆ ಬರಿಯ ನೀರು. ಓರೆ ಮಾಡಿದರೆ ನೀರಿನಂತೆಯೇ ಸರಿಯುತ್ತದೆ. ಬೀಕರನ್ನು ಬೆಳಕಿಗೆ ಹಿಡಿದು ಒಮ್ಮೆ ಗಿರ್ರನೆ ತಿರುಗಿಸಿ ಥಟ್ಟನೆ ನಿಲ್ಲಿಸಿ. ಒಳಗೆ ಸಿಕ್ಕಿಕೊಂಡ ಸಣ್ಣ ಗಾಳಿಗುಳ್ಳೆಗಳು ತಿರುಗುತ್ತ ತಿರುಗುತ್ತ ನಿಧಾನವಾಗುತ್ತವೆ, ನಿಲ್ಲುತ್ತವೆ, ಆಮೇಲೆ ಬಂದ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತವೆ. ನೀರಿನಲ್ಲಿ ಇದು ಎಂದೂ ಆಗದು. ದಾರಗಳ ಜಾಲ ಎಳೆತವನ್ನು ಹಿಡಿದಿಟ್ಟುಕೊಂಡು ವಾಪಸ್ ಕೊಟ್ಟದ್ದರ ಗುರುತು ಅದು. ಹೀಗೆ ಹಿಂದಕ್ಕೆ ಚಿಮ್ಮದ ಕೆಲವು ದ್ರಾವಣಗಳೂ ಘರ್ಷಣೆ ಇಳಿಸುತ್ತವೆ ಎಂದು ಜೇಕಿನ್ ತಂಡ ತೋರಿಸಿದೆ, ಆದ್ದರಿಂದ ಗುಳ್ಳೆ ಚಿಮ್ಮಲಿಲ್ಲವೆಂದು ದ್ರಾವಣವನ್ನು ತಿರಸ್ಕರಿಸಬೇಡಿ. ಅಂಥವುಗಳಲ್ಲೂ ಹಿಗ್ಗಿಸುವಾಗ ತೋರುವ ಪ್ರತಿರೋಧ ಮಾತ್ರ ದೊಡ್ಡದಾಗಿಯೇ ಇತ್ತು.

ಇದರಿಂದ ಬಹಳ ಜನ ಎಡವುವ ಒಂದು ಜಾಗಕ್ಕೆ ಬರುತ್ತೇವೆ. ಬಾಟಲಿಯಲ್ಲಿ ನಿಶ್ಚಲವಾಗಿದ್ದಾಗಿನ ಆಕಾರ ಮುಖ್ಯವಲ್ಲ, ಕೊಳವೆಯಲ್ಲಿ ಹರಿಯುವಾಗಿನ ಆಕಾರ ಮುಖ್ಯ. ನಿಂತಾಗ ವೆಸಿಕಲ್‌ಗಳಾಗಿದ್ದ ದ್ರಾವಣ ಹರಿವಿನ ಎಳೆತಕ್ಕೆ ಸಿಕ್ಕಿ ದಾರಗಳಾಗಿ ಬದಲಾಗುವುದನ್ನು 2000ರಲ್ಲಿ ಪ್ರಕಟವಾದ ಹೆಪ್ಪುಗಟ್ಟಿಸಿದ ಚಿತ್ರಗಳು ತೋರಿಸಿವೆ. ಅಂಥ ದ್ರಾವಣ ಘರ್ಷಣೆಯನ್ನು ಚೆನ್ನಾಗಿಯೇ ಇಳಿಸುತ್ತದೆ. ನಿಂತಾಗ ಚದುರಿದ್ದ ಗಿಡ್ಡ ದಾರಗಳೂ ಹರಿವಿನಲ್ಲಿ ಸಾಲುಗೂಡಿ ದೊಡ್ಡ ರಚನೆಗಳಾಗುವುದುಂಟು. ಉಲ್ಟಾ ದಿಕ್ಕಿನಲ್ಲೂ ಇದು ನಿಜ. ವೇಗ ಏರಿಸುತ್ತ ಹೋದರೆ ಗೋಡೆಯ ಘರ್ಷಣಾ ಒತ್ತಡ ಒಂದು ಮಿತಿ ಮುಟ್ಟಿದಾಗ ದಾರಗಳು ಕೂಡುವುದಕ್ಕಿಂತ ಬೇಗ ಕಡಿಯತೊಡಗುತ್ತವೆ, ಘರ್ಷಣೆ ಏರಿ ಮತ್ತೆ ಬರಿಯ ನೀರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ವೇಗ ತಗ್ಗಿಸಿದರೆ ಲಾಭ ಮರಳುತ್ತದೆ. ಈ ಮಿತಿ ನಿಮ್ಮ ಕೊಳವೆಗಳ ಒತ್ತಡಕ್ಕಿಂತ ಸಾಕಷ್ಟು ಮೇಲಿರಬೇಕು. ಮೇಲಿನ ಉದಾಹರಣೆಯಲ್ಲಿ ಬರಿಯ ನೀರಿಗೆ ಆ ಒತ್ತಡ ಸುಮಾರು 8 ಪಾಸ್ಕಲ್.

ಶಾಂಪೂ ತಯಾರಿಸುವವರಿಗೂ ಈ ದಾರಗಳ ಪರಿಚಯ ಚೆನ್ನಾಗಿದೆ. ಅಡುಗೆ ಉಪ್ಪು ಹಾಕುತ್ತ ಹೋದಂತೆ ಶಾಂಪೂ ಮಂದವಾಗುತ್ತದೆ, ಇನ್ನೂ ಹಾಕಿದರೆ ಮತ್ತೆ ತೆಳುವಾಗುತ್ತದೆ. ಮೊದಲ ಹಂತದಲ್ಲಿ ದಾರ ಉದ್ದವಾಗುತ್ತದೆ, ನಂತರ ಕವಲೊಡೆಯುತ್ತದೆ; ಕವಲುಗಳು ದಾರದುದ್ದಕ್ಕೂ ಜಾರಬಲ್ಲವಾದ್ದರಿಂದ ಬಿಗಿ ಸಡಿಲಾಗುತ್ತದೆ. ‘ಹೆಚ್ಚು ಹಾಕಿದಷ್ಟೂ ಒಳ್ಳೆಯದು’ ಎಂಬ ಭಾವನೆ ಈ ದ್ರಾವಣಗಳಿಗೆ ಸಲ್ಲದು.

ಉಷ್ಣತೆಯ ವಿಷಯದಲ್ಲಿ ಎರಡು ಗಡಿಗಳಿವೆ. ದಾರದ ಎರಡು ತುದಿಗಳನ್ನು ಅರ್ಧಗೋಳದಂತೆ ಮುಚ್ಚಲು ಶಕ್ತಿ ಬೇಕು. ತುದಿಗಳು ದುಬಾರಿಯಾದಷ್ಟೂ ದಾರಗಳು ಒಂದಕ್ಕೊಂದು ಕೂಡಿ ಉದ್ದವಾಗುತ್ತವೆ. ಬಿಸಿಯಾದಂತೆ ಆ ಬೆಲೆ ಕಟ್ಟುವುದು ಸುಲಭವಾಗಿ ಉದ್ದ ಘಾತೀಯವಾಗಿ ಕುಗ್ಗುತ್ತದೆ. ಅದಕ್ಕೇ ಬಿಸಿನೀರು ಸುತ್ತುವ ಜಾಲಗಳಿಗೆ 22 ಇಂಗಾಲದಂಥ ಉದ್ದ ಬಾಲ ಬೇಕಾಗುತ್ತದೆ. ನಿಮ್ಮದು ತಣ್ಣೀರು, ನಿಮ್ಮನ್ನು ಕಾಡುವುದು ಕೆಳಗಿನ ಗಡಿ. ಸಿಟಿಎಸಿಯ ಬ್ರೋಮೈಡ್ ಸೋದರ ಸುಮಾರು 25 ಡಿಗ್ರಿಯ ಕೆಳಗೆ ಹರಳುಗಟ್ಟತೊಡಗುತ್ತದೆ. ಚಿಲ್ಲರ್‌ನಿಂದ 7 ಡಿಗ್ರಿಯಲ್ಲಿ ಹೊರಡುವ ನೀರಿಗೆ ಅದು ಯೋಗ್ಯವಲ್ಲ. ಬಾಲದ ನಡುವೆ ದ್ವಿಬಂಧವಿದ್ದು ಸೊಟ್ಟಗಿರುವ ಓಲೀಲ್ ಜಾತಿಯ ಸರ್ಫ್ಯಾಕ್ಟಂಟ್‌ಗಳು ಅಷ್ಟು ಸುಲಭವಾಗಿ ಹರಳಾಗುವುದಿಲ್ಲ. ತಣ್ಣೀರಿನ ವ್ಯವಸ್ಥೆಗೆ ಅವನ್ನೇ ಕೇಳಿ.

ಲಾಭ ಎಷ್ಟು? ಪಾಲಿಮರ್‌ಗಳಿಗೆ ವಿರ್ಕ್ ಎಂಬ ಸಂಶೋಧಕರು 1970ರಲ್ಲಿ ಒಂದು ಗರಿಷ್ಠ ಮಿತಿ ಗುರುತಿಸಿದರು. ರೆನಾಲ್ಡ್ಸ್ ಸಂಖ್ಯೆ 50 ಸಾವಿರವಿದ್ದಾಗ ಅದು ಶೇ 79ರಷ್ಟು ಇಳಿಕೆ. ದಾರ ಮಿಸೆಲ್‌ಗಳು ಆ ಮಿತಿಯನ್ನೂ ದಾಟುತ್ತವೆ. 1996ರಲ್ಲಿ ಜೇಕಿನ್ ಮತ್ತು ಸಹೋದ್ಯೋಗಿಗಳು ಕೊಟ್ಟ ಸೂತ್ರದಂತೆ ಅಲ್ಲಿ ಶೇ 84. ಇವು ನೇರ ಕೊಳವೆಯ ಅಂಕಿಗಳು. ನಿಮ್ಮ ಹೆಡ್‌ನ, ಅಂದರೆ ಪಂಪು ಕೊಡುವ ಒತ್ತಡದ, ಗಣನೀಯ ಭಾಗ ಕವಾಟ, ಬಾಗು, ಮಹಡಿಗಳ ಗಾಳಿಯನ್ನು ತಂಪಾಗಿಸುವ ಎ.ಎಚ್.ಯು. ಕಾಯಿಲ್‌ಗಳಲ್ಲಿ ಹೋಗುತ್ತದೆ, ಅಲ್ಲಿ ಇಳಿಕೆ ಕಡಿಮೆ. ಮತ್ತೊಂದು ಮಾತು: ಒಂದೇ ವೇಗದಲ್ಲಿ ಓಡುವ ಪಂಪಿಗೆ ಪ್ರತಿರೋಧ ತಗ್ಗಿದರೆ ಅದು ಹೆಚ್ಚು ನೀರು ಹರಿಸುತ್ತದೆಯೇ ಹೊರತು ಕಡಿಮೆ ವಿದ್ಯುತ್ ಎಳೆಯುವುದಿಲ್ಲ, ಕೆಲವೊಮ್ಮೆ ಹೆಚ್ಚೇ ಎಳೆಯುತ್ತದೆ. ಮೋಟಾರಿನ ವೇಗ ಬದಲಿಸುವ ಸಾಧನವಾದ ವಿಎಫ್‌ಡಿಯಿಂದ ವೇಗ ತಗ್ಗಿಸಿದಾಗ ಮಾತ್ರ ಉಳಿತಾಯ ಮೀಟರಿನಲ್ಲಿ ಕಾಣುತ್ತದೆ.

ನಿಮ್ಮ ಕಟ್ಟಡದ ಮಟ್ಟಿಗೆ ನಿಜವಾದ ಕಷ್ಟ ಇರುವುದು ಬೇರೆ ಕಡೆ. ಗೋಡೆಯಿಂದ ನೀರನ್ನು ಎತ್ತಿ ಎಸೆಯುವ ಸುಳಿಗಳೇ ಶಾಖವನ್ನೂ ಸಾಗಿಸುತ್ತವೆ. ಅವನ್ನು ಅಡಗಿಸಿದರೆ ಶಾಖ ವರ್ಗಾವಣೆಯೂ ಕುಸಿಯುತ್ತದೆ, ಸಾಮಾನ್ಯವಾಗಿ ಘರ್ಷಣೆಗಿಂತ ಹೆಚ್ಚಿನ ಪ್ರಮಾಣದಲ್ಲಿ. ಪಂಪಿನಲ್ಲಿ ಉಳಿಸಿದ್ದನ್ನು ಚಿಲ್ಲರ್‌ನಲ್ಲಿ ಕಳೆದುಕೊಂಡರೆ ಏನು ಪ್ರಯೋಜನ? ಇಲ್ಲಿಯೂ ಕೈಹಿಡಿಯುವುದು ಆಕಾರವೇ: ಶಾಖ ವಿನಿಮಯದ ಜಾಗಕ್ಕೆ ನುಗ್ಗುವ ಮುನ್ನ ದಾರವನ್ನು ಮುರಿದು, ಹೊರಬಂದ ಮೇಲೆ ಮತ್ತೆ ಕೂಡಲು ಬಿಡುವುದು. ಒಳಗೆ ತಿರುಚು ಪಟ್ಟಿಗಳಿರುವ ಸ್ಥಿರ ಮಿಶ್ರಕ, ಕಿರಿದಾದ ಕೊಳವೆಗಳಲ್ಲಿ ಏರಿಸಿದ ವೇಗ ಇವುಗಳಿಂದ ಮುರಿಯಬಹುದು. ಆದರೆ ಮಿಶ್ರಕವೇ ಒತ್ತಡ ತಿನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಬೆಳಕು ಬಿದ್ದಾಗ ರೂಪ ಬದಲಿಸುವ ಸಿನ್ನಮಿಕ್ ಆಮ್ಲದ ಜಾತಿಯ ಅಯಾನುಗಳನ್ನು ಸ್ಯಾಲಿಸಿಲೇಟ್ ಜಾಗದಲ್ಲಿ ಬಳಸಿ, ನೇರಳಾತೀತ ಕಿರಣದಿಂದ ದಾರವನ್ನು ಗಿಡ್ಡವಾಗಿಸುವ ಪ್ರಯೋಗಗಳೂ ನಡೆದಿವೆ. ಕಟ್ಟಡಕ್ಕೆ ಅದು ಇನ್ನೂ ದೂರ.

ಇದು ಪ್ರಯೋಗಾಲಯದಲ್ಲೇ ಉಳಿದ ವಿದ್ಯೆಯಲ್ಲ. ಡೆನ್ಮಾರ್ಕ್‌ನ ಹೆರ್ನಿಂಗ್‌ನಲ್ಲಿ ಬಡಾವಣೆಗಳಿಗೆ ಬಿಸಿನೀರು ಹಂಚುವ ಜಾಲದಲ್ಲಿ ಇದನ್ನು ಪರೀಕ್ಷಿಸಿದರು. ಜಪಾನಿನಲ್ಲಿ ಸಪ್ಪೊರೊ ನಗರಾಡಳಿತದ ಕಟ್ಟಡವೂ ಸೇರಿ ಅನೇಕ ಕಟ್ಟಡಗಳ ಹವಾನಿಯಂತ್ರಣದಲ್ಲಿ ಬಳಕೆಗೆ ತಂದರು.

ನೀವು ಮುಂದುವರಿಯುವುದಾದರೆ ಇಡೀ ಕಟ್ಟಡಕ್ಕೆ ಕೈಹಾಕದೆ, ಪ್ರತ್ಯೇಕಿಸಬಹುದಾದ ಒಂದು ಸಣ್ಣ ಸುತ್ತಿನಲ್ಲಿ ಆರಂಭಿಸಿ. ನೇರ ಕೊಳವೆಯ ಎರಡು ಕಡೆ ಒತ್ತಡದ ಮಾಪಕ, ಕಾಯಿಲ್‌ನ ಒಳಹೊರಗೆ ಉಷ್ಣತೆಯ ಮಾಪಕ, ಒಂದು ಹರಿವಿನ ಮಾಪಕ. ಮೂರನ್ನೂ ಒಟ್ಟಿಗೆ ಓದದೆ ತೀರ್ಮಾನಕ್ಕೆ ಬರಬೇಡಿ. ನಿಮ್ಮ ನೀರಿನಲ್ಲಿ ಈಗಾಗಲೇ ಇರುವ ತುಕ್ಕುನಿರೋಧಕದ ಜೊತೆ ದ್ರಾವಣ ಗಸಿಯಾಗುವುದೇ ಎಂದು ಮೊದಲು ಬಾಟಲಿಯಲ್ಲಿ, 7 ಡಿಗ್ರಿಯಲ್ಲಿ, ಕೆಲವು ದಿನ ಇಟ್ಟು ನೋಡಿ. ಋಣ ವಿದ್ಯುದಂಶದ ಸೇರಿಕೆಗಳು ಸಿಟಿಎಸಿಯಂಥ ಧನ ವಿದ್ಯುದಂಶದ ಸರ್ಫ್ಯಾಕ್ಟಂಟನ್ನು ಕೆಳಗಿಳಿಸಿಬಿಡುತ್ತವೆ. ಇಂಥ ಸರ್ಫ್ಯಾಕ್ಟಂಟ್‌ಗಳು ಮೀನಿಗೂ ನೀರಿನ ಇತರ ಜೀವಿಗಳಿಗೂ ವಿಷ. 50 ಸಾವಿರ ಲೀಟರಿನ ಸುತ್ತಿನಲ್ಲಿ ಲೀಟರಿಗೆ ಒಂದೂವರೆ ಗ್ರಾಂ ಎಂದರೆ 75 ಕಿಲೋ. ದುರಸ್ತಿಗೆ ಪೈಪು ಖಾಲಿ ಮಾಡುವಾಗ ಅದನ್ನು ಮಳೆನೀರಿನ ಚರಂಡಿಗೆ ಬಿಡುವಂತಿಲ್ಲ. ಎಲ್ಲಿ ಹಿಡಿದಿಡುತ್ತೀರಿ, ಯಾರು ಸಂಸ್ಕರಿಸುತ್ತಾರೆ ಎಂಬುದು ಮೊದಲ ಕಿಲೋ ಕೊಳ್ಳುವ ಮುನ್ನವೇ ಗೊತ್ತಾಗಿರಬೇಕು. ಜೈವಿಕವಾಗಿ ಬೇಗ ಕೊಳೆಯುವ ಬೀಟೈನ್ ಮತ್ತು ಅಮೀನ್ ಆಕ್ಸೈಡ್ ಜಾತಿಯ ದಾರ ಮಿಸೆಲ್‌ಗಳೂ ಇವೆ; ಪೂರೈಕೆದಾರರ ಬಳಿ ಅವುಗಳ ದರವನ್ನೂ, ನಿಮ್ಮ ಉಷ್ಣತೆಯಲ್ಲಿ ಅವು ಇಳಿಸುವ ಘರ್ಷಣೆಯ ಅಳತೆಯನ್ನೂ ಬರಹದಲ್ಲಿ ಕೇಳಿ ಪಡೆಯಿರಿ.